ಪದ ಪರಿಚಯ: ಕೃತಕ ಬಂಡೆಸಾಲು

ಚಿತ್ರದುರ್ಗದ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಥರ್ಮೋಕೋಲಿನ ಕಡಲೊಂದನ್ನು ಕಂಡೆ. ಅದರ ತಳದಲ್ಲಿ ಕೆಂಪು ಪ್ಲಾಸ್ಟಿಕ್ ಕೊಂಬೆಗಳನ್ನು ಅಂಟಿಸಿ, ಮೇಲೆ ದಪ್ಪಕ್ಷರದಲ್ಲಿ ‘ಕೃತಕ ಹವಳ’ ಎಂದು ಬರೆದಿದ್ದರು. ಏನಿದು ಎಂದು ಕೇಳಿದ್ದಕ್ಕೆ, “ನಿಜವಾದ ಹವಳ ಸತ್ತು ಹೋಗ್ತಿದೆ ಸರ್, ಅದಕ್ಕೇ ನಕಲಿ ಹವಳ ಮಾಡಿ ಸಮುದ್ರಕ್ಕೆ ಬಿಡ್ತಾರೆ” ಎಂದು ಹುಡುಗಿ ಒಂದೇ ಉಸಿರಿಗೆ ಒಪ್ಪಿಸಿದಳು. ತಪ್ಪು ಅವಳದಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಟಿಪ್ಪಣಿಗಳಲ್ಲಿ, ಸುದ್ದಿಯ ತಲೆಬರಹಗಳಲ್ಲಿ, ಭಾಷಣಗಳಲ್ಲಿ ಇದೇ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಓದಿದ್ದೇನೆ, ಕೇಳಿದ್ದೇನೆ. ಹೇಳಬೇಕಾದ ಪದ ‘ಕೃತಕ ಬಂಡೆಸಾಲು’, ಇಂಗ್ಲಿಷಿನಲ್ಲಿ ‘ಆರ್ಟಿಫಿಷಿಯಲ್ ರೀಫ್’. ಮೀನು ಮತ್ತಿತರ ಜೀವಿಗಳು ನೆಲೆಸಲೆಂದು ಕಡಲತಳಕ್ಕೆ ಇಳಿಸುವ ರಚನೆಗಳಿಗೆ ಈ ಹೆಸರು. ಅದರಲ್ಲಿ ಹವಳವೂ ಇಲ್ಲ, ನಕಲೂ ಇಲ್ಲ.

ಹವಳ ನುಸುಳಿದ್ದು ಹೇಗೆಂಬುದನ್ನು ಊಹಿಸಬಹುದು. ಸಂಸ್ಕೃತದ ‘ಪ್ರವಾಲ’ ಪ್ರಾಕೃತದ ದಾರಿಯಲ್ಲಿ ಬಂದು ಹಳಗನ್ನಡದಲ್ಲಿ ‘ಪವಳ’ವಾಯಿತು. ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪಳ್ಳಿ ಹಳ್ಳಿಯಾದ ಹಾಗೆಯೇ ಪವಳವೂ ಹವಳವಾಯಿತು. ಬಯಲುಸೀಮೆಯ ನಮಗೆ ಹವಳವೆಂದರೆ ಸರದ ಮಣಿ, ಉಂಗುರದ ಕಲ್ಲು. ಅದು ಕಡಲಿನ ಸಣ್ಣ ಜೀವಿಗಳ ಸುಣ್ಣದ ಗೂಡೆಂದು ಗೊತ್ತಾಗುವುದು ಪಾಠಪುಸ್ತಕದಲ್ಲಿ. ಅಲ್ಲಿ ‘ಹವಳದ ದಿಬ್ಬ’ ಎಂಬ ಜೋಡುಪದವನ್ನು ಕಲಿತವರು, ಇಂಗ್ಲಿಷಿನ ‘ರೀಫ್’ ಕಂಡಲ್ಲೆಲ್ಲ ದಿಬ್ಬವನ್ನು ಬಿಟ್ಟು ಹವಳವನ್ನಷ್ಟೇ ಎತ್ತಿಕೊಂಡರು. ಆದರೆ ‘ರೀಫ್’ ಎಂಬ ಶಬ್ದದೊಳಗೆ ಹವಳದ ಸುಳಿವೇ ಇಲ್ಲ. ಅದು ಹಳೆಯ ನಾರ್ಸ್ ಭಾಷೆಯ ‘ರಿಫ್’ ಎಂಬುದರಿಂದ ಬಂದದ್ದು. ಅದರ ಅರ್ಥ ಪಕ್ಕೆಲುಬು. ನೀರಿನಡಿಯಲ್ಲಿ ಪಕ್ಕೆಲುಬಿನಂತೆ ಏಣು ಎದ್ದು ನಿಂತ ಸಾಲು ಬಂಡೆಯದ್ದಾಗಲಿ, ಮರಳಿನದ್ದಾಗಲಿ, ಸಿಂಪಿಯ ಚಿಪ್ಪಿನದ್ದಾಗಲಿ, ಅದು ರೀಫೇ. ಕನ್ನಡದ ‘ಬಂಡೆಸಾಲು’ ಈ ಅರ್ಥಕ್ಕೆ ಚೆನ್ನಾಗಿ ಹೊಂದುತ್ತದೆ. ದುರ್ಗದವರಿಗೆ ಮಾತ್ರ ‘ಕೃತಕ ಬಂಡೆ’ ಎಂಬುದು ಕಿವಿಗೆ ಸ್ವಲ್ಪ ಒರಟಾಗಿ ಕೇಳಿಸಬಹುದು, ಏಕೆಂದರೆ ನಮ್ಮಲ್ಲಿ ಮನುಷ್ಯರು ಎತ್ತಿಡುವುದು ಕಲ್ಲು, ಯಾರೂ ಇಡದೆ ತಾನೇ ಕೂತಿರುವುದು ಬಂಡೆ.

ಇದಕ್ಕಿಂತ ಹೆಚ್ಚು ಹಾನಿ ಮಾಡಿರುವುದು ‘ಕೃತಕ’ದ ತಪ್ಪು ತಿಳಿವಳಿಕೆ. ‘ಕೃತ’ ಎಂದರೆ ಮಾಡಿದ್ದು. ‘ಕೃತಕ’ ಎಂಬುದಕ್ಕೆ ಸಂಸ್ಕೃತದಲ್ಲಿಯೇ ಎರಡು ಅರ್ಥಗಳಿವೆ: ಮನುಷ್ಯರು ಮಾಡಿದ್ದು ಎಂಬುದೊಂದು, ಸೋಗಿನದ್ದು ಎಂಬುದಿನ್ನೊಂದು. ಎರಡೂ ಕನ್ನಡದಲ್ಲಿ ಬಳಕೆಯಲ್ಲಿವೆ. ‘ಕೃತಕ ನಗು’ ಎಂದಾಗ ಸೋಗು. ‘ಕೃತಕ ಕಾಲು’ ಎಂದಾಗ ಮನುಷ್ಯರು ಮಾಡಿದ, ನಿಜವಾಗಿಯೂ ನಡೆಸುವ ಕಾಲು. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ರೈತರು ಹುಟ್ಟಿದ ಕರುವನ್ನು ನಕಲಿ ಕರು ಎನ್ನುವುದಿಲ್ಲ. ಸೂಳೆಕೆರೆಯನ್ನು ಕಟ್ಟಿದ್ದು ಮನುಷ್ಯರೇ, ಆದರೂ ಅದರ ನೀರಾಗಲಿ ಮೀನಾಗಲಿ ಸೋಗಿನದ್ದೆಂದು ಚನ್ನಗಿರಿಯ ಕಡೆ ಯಾರೂ ಅಂದದ್ದಿಲ್ಲ. ಕೃತಕ ಬಂಡೆಸಾಲಿನ ‘ಕೃತಕ’ ಈ ಕೆರೆಯ ಜಾತಿಯದು. ಕಟ್ಟಿದ್ದು ನಾವು, ಅದರಲ್ಲಿ ಬಂದು ನೆಲೆಸುವುದು ಕಡಲಿನ ಜೀವ.

ಆ ನೆಲೆಸುವಿಕೆ ಹೀಗೆ ನಡೆಯುತ್ತದೆ. ಬರೀ ಮರಳು, ಕೆಸರು ಇರುವ ಕಡಲತಳದಲ್ಲಿ ಅಂಟಿ ಬೆಳೆಯುವ ಜೀವಿಗಳಿಗೆ ಹಿಡಿತ ಸಿಗುವುದಿಲ್ಲ. ಅಲ್ಲಿ ತೂತು, ಸಂದು, ಒರಟು ಮೈ ಇರುವ ಕಾಂಕ್ರೀಟು ರಚನೆಗಳನ್ನು ಇಳಿಸಿದರೆ ಮೊದಲು ತೆಳುವಾದ ಪಾಚಿ ಕಟ್ಟುತ್ತದೆ, ಆಮೇಲೆ ನೀರಿನಲ್ಲಿ ತೇಲುವ ಲಾರ್ವಾಗಳು, ಎಂದರೆ ಎಳೆಯ ಮರಿಗಳು, ಅಂಟಿಕೊಂಡು ಸಿಂಪಿ, ನೀಲಿಕಲ್ಲು ಎಂಬ ಚಿಪ್ಪುಜೀವಿ, ಸ್ಪಂಜುಗಳಾಗಿ ಬೆಳೆಯುತ್ತವೆ. ಅವುಗಳ ನಡುವೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ದೊಡ್ಡ ಮೀನು ಬರುತ್ತವೆ, ಕಪ್ಪೆ ಬೊಂಡಾಸ್ (ಇಂಗ್ಲಿಷಿನ ಕಟಲ್‌ಫಿಶ್) ಮೊಟ್ಟೆ ಅಂಟಿಸಲು ಜಾಗ ಹುಡುಕಿ ಬರುತ್ತದೆ. ನೀರು ಸರಿಯಿದ್ದ ಕಡೆ ಹವಳವೂ ಒಂದು ದಿನ ಬಂದು ಕೂರಬಹುದು, ಬಾರದೆಯೂ ಇರಬಹುದು. ಬದುಕಿರುವ ಹವಳದ ತುಂಡುಗಳನ್ನು ಕಟ್ಟಿ ಬೆಳೆಸುವುದು ಬೇರೆಯೇ ಕೆಲಸ. ಅದನ್ನು ‘ಹವಳ ನಾಟಿ’ ಎಂದು ಕರೆದರೆ ಗೊಂದಲವೇ ಇರುವುದಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 42 ಮೀನುಗಾರ ಹಳ್ಳಿಗಳ ಎದುರಿನ ಕಡಲಿಗೆ 6,300 ಕಾಂಕ್ರೀಟು ರಚನೆಗಳನ್ನು ಇಳಿಸುವ ಯೋಜನೆ 2023ರಲ್ಲಿ ಆರಂಭವಾಯಿತು. ಕೆಲವು ತ್ರಿಕೋನ, ಕೆಲವು ಹೂವಿನಾಕಾರ, ಇನ್ನು ಕೆಲವು ನಾವು ಬಾವಿಗೆ ಇಳಿಸುವ ಸಿಮೆಂಟು ರಿಂಗಿನಂಥವು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅದೇ ವರ್ಷದ ಆರಂಭದ ಹೊತ್ತಿಗೆ 10 ಕರಾವಳಿ ರಾಜ್ಯಗಳಿಗೆ ಇಂಥ 732 ಘಟಕಗಳು ಮಂಜೂರಾಗಿದ್ದವು. ತಾಂತ್ರಿಕ ನೆರವು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯದು.

ಬೇಡದ್ದನ್ನೆಲ್ಲ ಕಡಲಿಗೆ ಸುರಿದರೂ ಬಂಡೆಸಾಲಾಗುತ್ತದೆ ಎಂಬುದು ಇನ್ನೊಂದು ಅಪಾರ್ಥ. ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದ ಆರಂಭದಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಮುಳುಗಿಸಿದರು. ಕಟ್ಟುಗಳು ತುಕ್ಕು ಹಿಡಿದು ಹರಿದವು, ಹಗುರವಾದ ಟೈರುಗಳು ಅಲೆಗೆ ಉರುಳಾಡಿ ಪಕ್ಕದಲ್ಲಿದ್ದ ನಿಜವಾದ ಹವಳವನ್ನೇ ಉಜ್ಜಿ ಹಾಕಿದವು. 2007ರಿಂದ ಸೇನೆಯ ಮುಳುಗುಗಾರರು ಅವನ್ನು ಎತ್ತಿ ತೆಗೆಯಬೇಕಾಯಿತು. ಅಲುಗದೆ ಕೂರದ ವಸ್ತುವಿಗೆ ಈ ಹೆಸರು ಸಲ್ಲದು.

ಮೀನು ಸೇರುವುದನ್ನು ಮೀನಿನ ಸಂಖ್ಯೆ ಹೆಚ್ಚುವುದೆಂದು ತಿಳಿಯುವವರಿಗೆ ನಮ್ಮ ಜಿಲ್ಲೆಯ ಮಾರಿಕಣಿವೆ ಜಲಾಶಯವನ್ನು ತೋರಿಸಬೇಕು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಅದು ಕೋಡಿ ಬಿದ್ದಾಗ ಹಿನ್ನೀರಿನ ಅಂಚಿನ ಜಾಲಿಮರಗಳು ಮುಳುಗಿದ್ದವು. ಗಾಳ ಹಾಕುವವರೊಬ್ಬರು ತೆರೆದ ನೀರನ್ನು ಬಿಟ್ಟು, ನೀರಿನ ಮೇಲೆ ಎರಡು ಒಣಗೊಂಬೆಗಳಷ್ಟೇ ಕಾಣುತ್ತಿದ್ದ ಮರದ ಬುಡಕ್ಕೇ ದಾರ ಇಳಿಸಿ ಕೂತಿದ್ದರು. “ಮೀನು ಮರೆ ಹುಡುಕ್ಕೊಂಡು ಬರ್ತಾವೆ ಸ್ವಾಮಿ” ಎಂದರು. ಆ ಮೀನುಗಳು ಬೇರೆಲ್ಲೋ ಇದ್ದು ಅಲ್ಲಿಗೆ ಬಂದವು. ಮರ ಅವನ್ನು ಹುಟ್ಟಿಸಿರಲಿಲ್ಲ. ಕಡಲಲ್ಲಿಯೂ ಹೀಗೆಯೇ. ಸೇರಿದ ಮೀನು ಮೊಟ್ಟೆಯಿಟ್ಟು, ಮರಿಗಳು ಆ ಸಂದುಗಳಲ್ಲಿ ಬದುಕಿ ದೊಡ್ಡವಾಗುವಷ್ಟು ಕಾಲ ಬಿಟ್ಟರೆ ಅದು ಆವಾಸದ ಪುನರುಜ್ಜೀವನ. ಸೇರಿದ ಕೂಡಲೇ ಬಲೆ ಬೀಸಿದರೆ ಅದು ಹಿಡಿಯಲು ಅನುಕೂಲವಾದ ಒಂದು ಗುರುತು ಮಾತ್ರ.

‘ಸಮುದಾಯದ ಸಹಭಾಗಿತ್ವ’ ಎಂಬ ಸವಕಲಾದ ಮಾತಿಗೆ ಇಲ್ಲಿ ನಿಜವಾದ ತೂಕವಿರುವುದು ಈ ಕಾರಣದಿಂದ. ಉದ್ಘಾಟನೆಯ ದಿನ ಮೀನುಗಾರರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದು ಸಹಭಾಗಿತ್ವವಾಗುವುದಿಲ್ಲ. ತಳವನ್ನು ಗೋರುವ ಟ್ರಾಲ್ ಬಲೆ ಈ ರಚನೆಗಳಿಗೆ ಸಿಕ್ಕಿ ಹರಿಯುತ್ತದೆ, ಆದ್ದರಿಂದ ಟ್ರಾಲರಿನವರಿಗೂ ಗಾಳದ ದೋಣಿಯವರಿಗೂ ಮೊದಲೇ ಒಪ್ಪಂದವಾಗಿರಬೇಕು. ಎಲ್ಲಿ ಇಳಿಸಬೇಕು, ಎಷ್ಟು ದಿನ ಬಿಡಬೇಕು, ಆಮೇಲೆ ಯಾವ ಸಾಧನದಿಂದ ಹಿಡಿಯಬೇಕು ಎಂಬುದನ್ನು ಅವರೇ ಕೂತು ತೀರ್ಮಾನಿಸಬೇಕು. ತಳದ ತಿಳಿವಳಿಕೆ ಅವರಲ್ಲಿದೆ. ತಮಿಳು, ಮಲಯಾಳಂ ಮೀನುಗಾರರು ನೀರಿನಡಿಯ ಸಹಜ ಬಂಡೆಸಾಲನ್ನು ‘ಪಾರ್’ ಎನ್ನುತ್ತಾರೆ. ದಡದ ಗುಡ್ಡದ ತುದಿಯೂ ಚರ್ಚಿನ ಗೋಪುರವೂ ಒಂದೇ ಗೆರೆಗೆ ಬರುವುದನ್ನು ನೋಡಿ, ಇನ್ನೊಂದು ದಿಕ್ಕಿನಲ್ಲಿ ಅಂಥದೇ ಮತ್ತೊಂದು ಗೆರೆ ಹಿಡಿದು, ಎರಡೂ ಕೂಡುವಲ್ಲಿ ದೋಣಿ ನಿಲ್ಲಿಸಿದರೆ ಕೆಳಗೆ ಪಾರ್ ಇರುತ್ತದೆ. ಹೊಸ ಬಂಡೆಸಾಲನ್ನು ಇಳಿಸುವ ಜಾಗ ಗುರುತಿಸುವಾಗ ಮೊದಲು ಕೇಳಬೇಕಾದದ್ದು ಈ ಗೆರೆಗಳನ್ನು ಬಲ್ಲವರನ್ನು.