ಹೊಸ ಸವಾರಿ ಬೂಟು ಮೆತ್ತಗಾಗಬೇಕಾದ್ದು ಒಂದೇ ಕಡೆ

ಕಳೆದ ತಿಂಗಳು ನನ್ನ ಹತ್ತಿರ ಸವಾರಿ ಕಲಿಯುವ ಕಾಲೇಜು ಹುಡುಗಿಯೊಬ್ಬಳು ಹೊಸ ಬೂಟು ಹಾಕಿಕೊಂಡು ಬಂದಳು. ಮಂಡಿಯವರೆಗಿನ ಉದ್ದ ಬೂಟು, ಗಟ್ಟಿ ತೊಗಲು. ಎರಡು ಕೊಳವೆಯೊಳಗೆ ಕಾಲಿಟ್ಟವಳ ಹಾಗೆ ಲಾಯದ ಕಡೆಗೆ ನಡೆದು ಬರುತ್ತಿದ್ದಳು. ಜೀನು ಬಿಗಿಯುತ್ತಿದ್ದ ನಮ್ಮ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಅವಳನ್ನು ನೋಡಿ ನಕ್ಕ. "ಮುಕ್ಕಾಲು ಗಂಟೆ ತಾನೇ ಸರ್, ತಡ್ಕೋತೀನಿ" ಅಂದಳು. ಟ್ರಾಟ್, ಅಂದರೆ ಕುದುರೆಯ ಕುಲುಕು ಓಟ, ಶುರುವಾಗಿ ಹತ್ತು ನಿಮಿಷಕ್ಕೆ ಇಳಿದುಬಿಟ್ಟಳು. ಮಂಡಿಯ ಹಿಂದೆ ಚರ್ಮ ಕಿತ್ತು ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು) ಮೇಲೆ ರಕ್ತದ ಗೆರೆ ಮೂಡಿತ್ತು.

ಹೊಸ ಚಪ್ಪಲಿ ಕಚ್ಚುತ್ತೆ ಅಂತ ನಮಗೆಲ್ಲ ಗೊತ್ತು. ಊರಲ್ಲಿ ಹರಳೆಣ್ಣೆ ಹಚ್ಚಿ ಇಡುತ್ತಿದ್ದರು, ದಿನ ಕಳೆದಂತೆ ಮೆತ್ತಗಾಗುತ್ತಿತ್ತು. ಅದೇ ಬುದ್ಧಿಯನ್ನು ಸವಾರಿ ಬೂಟಿಗೆ ತಂದರೆ ಬೂಟು ಕೆಟ್ಟಿತು ಅಂತಲೇ ಲೆಕ್ಕ. ಚಪ್ಪಲಿ ಎಲ್ಲಾ ಕಡೆ ಮೆತ್ತಗಾಗಲಿ, ತೊಂದರೆಯಿಲ್ಲ. ಬೂಟಿನ ಮೇಲ್ಭಾಗ ಮಾತ್ರ ಮೀನಖಂಡವನ್ನು ಹಿಡಿದು ನೆಟ್ಟಗೆ ನಿಲ್ಲಬೇಕು. ಅದು ಮಡಿಯಬೇಕಾದ್ದು ಕಾಲ್ಗಿಣ್ಣಿನ ಹತ್ತಿರ ಮಾತ್ರ. ಮೊದಲ ವಾರ ಅಲ್ಲಿ ಬಿದ್ದ ನೆರಿಗೆ ಬೂಟು ಇರುವವರೆಗೂ ಹೋಗಲ್ಲ.

ಆ ನೆರಿಗೆ ಬಿದ್ದಷ್ಟೂ ಬೂಟು ಕೆಳಗೆ ಕೂರುತ್ತದೆ, ಸಾಮಾನ್ಯವಾಗಿ 2-3 ಸೆಂಟಿಮೀಟರ್. ಅದಕ್ಕೇ ಹೊಸ ಬೂಟು ಅಷ್ಟು ಎತ್ತರ ಜಾಸ್ತಿಯೇ ಇರಬೇಕು. ಅಂಗಡಿಯಲ್ಲಿ ಅಳತೆಗೆ ಸರಿಯಾಗಿ ಕೂತಿತು ಅಂತ ಖುಷಿಪಟ್ಟು ತಂದವರ ಬೂಟು ಕೆಲವೇ ತಿಂಗಳಲ್ಲಿ ಗಿಡ್ಡವಾಗುತ್ತದೆ. ಎತ್ತರದ ಬೂಟು ಕೆಳಗೆ ಕೂರುವವರೆಗೆ ಮಂಡಿ ಹಿಂದಿನ ಕಾಟಕ್ಕೆ ಸುಲಭದ ಉಪಾಯ ಉಂಟು. ಎರಡೂ ಬೂಟಿನ ಒಳಗೆ ಹಿಮ್ಮಡಿ ಕೆಳಗೆ ಒಂದು ಸೆಂಟಿಮೀಟರ್ ದಪ್ಪದ ಪ್ಯಾಡ್ ಇಡಿ. ಮಂಡಿಯ ಹಿಂದೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳಿ. ಬೂಟು ಇಳಿದಂತೆಲ್ಲ ಪ್ಯಾಡ್ ತೆಳ್ಳಗೆ ಮಾಡುತ್ತಾ ಬನ್ನಿ.

ಮೊದಲ ಪಾಠ ಕುದುರೆ ಮೇಲಲ್ಲ, ಮನೆಯಲ್ಲಿ. ಸಂಜೆ ಕಾಲು ಸ್ವಲ್ಪ ಊದಿರುತ್ತದಲ್ವಾ, ಆಗ ಹಾಕಿ. ಸವಾರಿಗೆ ಹಾಕುವ ಬ್ರೀಚಸ್, ಕಾಲುಚೀಲ ಅದೇ ಇರಲಿ. ಜಿಪ್ ಇದ್ದರೆ ಪಾದ ನೆಲಕ್ಕೆ ಪೂರ್ತಿ ಊರಿ, ಕೊನೆಯವರೆಗೂ ಎಳೆದ ಮೇಲೇ ಕಾಲು ಮಡಿಸಿ. ಅರ್ಧ ಎಳೆದು ಬಗ್ಗಿದರೆ ಜಿಪ್ ಸೊಟ್ಟಗಾಗುತ್ತೆ. ಆಮೇಲೆ ಗಿಡ್ಡ ಸ್ಟೂಲ್ ಮೇಲೆ ಕೂತು, ಹಿಮ್ಮಡಿ ಎತ್ತದೆ ಮಂಡಿಯನ್ನು ನಿಧಾನಕ್ಕೆ ಮುಂದೆ ತಳ್ಳಿ. ಕಾಲ್ಗಿಣ್ಣಿನ ಮುಂದೆ ತೊಗಲು 'ಕಿರ್' ಅಂತ ಮಡಿಯುತ್ತದೆ. ನಮಗೆ ಬೇಕಾದ ನೆರಿಗೆ ಅದೇ. ನೆಲಕ್ಕೆ ಸಮಾನಾಂತರವಾಗಿ ಬೀಳದೆ ಒಂದು ಪಕ್ಕಕ್ಕೆ ಓಡಿದರೆ ಕೈಯಿಂದ ಒತ್ತಿ ಸರಿಮಾಡಿ. ಮೆಟ್ಟಿಲು ಇಳಿಯುವುದು ಇನ್ನೂ ಒಳ್ಳೆಯದು. ರಿಕಾಪಿನಲ್ಲಿ, ಅಂದರೆ ಜೀನಿಗೆ ತೂಗುವ ಪಾದ ಇಡುವ ಬಳೆಯಲ್ಲಿ, ಹಿಮ್ಮಡಿ ಕೆಳಗೆ ಒತ್ತಿದಾಗ ಕಾಲ್ಗಿಣ್ಣು ಹೇಗೆ ಬಗ್ಗುತ್ತದೋ ಹಾಗೇ ಇಲ್ಲೂ ಬಗ್ಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮನೆಯೊಳಗೇ ಓಡಾಡಿದರೆ ಅಟ್ಟೆ ಕೊಳೆಯಾಗಲ್ಲ, ಅಂಗಡಿಯವರು ವಾಪಸ್ ತಗೊಳ್ಳುವ ದಾರಿಯೂ ಉಳಿಯುತ್ತದೆ. ಬೆರಳು ತುದಿಗೆ ತಾಗುತ್ತಿದ್ದರೆ ಕಾಯಬೇಡಿ, ಆ ದಾರಿಯನ್ನೇ ಹಿಡಿಯಿರಿ. ತೊಗಲು ಅಗಲಕ್ಕೆ ಸ್ವಲ್ಪ ಬಿಡುತ್ತದೆ, ಉದ್ದಕ್ಕೆ ಬಿಡಲ್ಲ.

ಕಾಲಿನ ಬಿಸಿ, ಬೆವರಿನ ತೇವ ಸೇರಿ ತೊಗಲಿನ ನಾರುಗಳು ಸಡಿಲವಾಗುತ್ತವೆ. ಆರುವಾಗ ಯಾವ ಆಕಾರದಲ್ಲಿವೆಯೋ ಅದರಲ್ಲೇ ಉಳಿಯುತ್ತವೆ. ಆದ್ದರಿಂದ ಬಿಚ್ಚಿದ ಬೂಟನ್ನು ಮೂಲೆಗೆ ಎಸೆಯಬೇಡಿ. ಬೂಟಿನ ಆಕಾರ ಉಳಿಸಲು ಒಳಗಿಡುವ ಅಚ್ಚು, ಬೂಟ್ ಟ್ರೀ, ಇಲ್ಲದಿದ್ದರೆ ಹಳೇ ಪೇಪರ್ ಸುರುಳಿಯೋ, ದೊಡ್ಡ ಜ್ಯೂಸ್ ಬಾಟಲಿಯೋ ತುರುಕಿ ನೆಟ್ಟಗೆ ನಿಲ್ಲಿಸಿ.

ಎಣ್ಣೆ ವಿಷಯ. ನೆರಿಗೆ ಬೀಳುವ ಜಾಗಕ್ಕೆ ಲೆದರ್ ಕಂಡಿಷನರ್ ಬೆರಳ ತುದಿಯಷ್ಟು ಹಚ್ಚಿ, ಅಷ್ಟೇ. ಇಡೀ ಬೂಟಿಗೆ ಸುರಿದರೆ ಅದು ಜೋತು ಬೀಳುತ್ತೆ, ಪಾಲಿಶ್ ನಿಲ್ಲಲ್ಲ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಎಣ್ಣೆ ಅದು. ಡಿಸೆಂಬರಿನ ಬೆಂಗಳೂರಿನಲ್ಲಿ ಬಾಟಲಿಯಲ್ಲಿ ಬಿಳಿಯಾಗುವ ಹಾಗೆ ಬೂಟಿನ ಮೇಲೂ ಬಿಳಿಯಾಗುತ್ತದೆ.

ಬೂಟನ್ನು ನೀರಲ್ಲಿ ನೆನೆಸಿ ಕಾಲಲ್ಲೇ ಆರಿಸಿ ಅಂತ ಹಳೇ ಮಿಲಿಟರಿ ಸವಾರರ ಸಲಹೆಯೊಂದಿದೆ. ಪೂರ್ತಿ ದಾರದಲ್ಲಿ ಹೊಲಿದ, ತೊಗಟೆಯಲ್ಲಿ ಹದ ಮಾಡಿದ ಬೂಟಿಗೆ ಅದು ನಡೆಯುತ್ತಿತ್ತು. ಈಗಿನವಕ್ಕೆ ಒಳಗೆ ಲೈನಿಂಗ್, ಗೋಂದು, ರಟ್ಟು ಎಲ್ಲಾ ಇರುತ್ತದೆ. ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಇನ್ನು ಒದ್ದೆ ತೊಗಲಿಗೆ ಬೆಂಕಿ ತೋರಿಸುವುದು. ನನ್ನ ಮೊದಲ ಬೂಟನ್ನು ನಾನೇ ಕೊಂದದ್ದು ಹೀಗೆ. ಮಳೆಯಲ್ಲಿ ನೆನೆದು ಬಂದು ಬಚ್ಚಲಿನ ಹಂಡೆ ಒಲೆ ಪಕ್ಕ ಇಟ್ಟೆ. ಬೆಳಗ್ಗೆ ನೋಡಿದರೆ ಹಪ್ಪಳ. ಕಾಲಿಡುವಾಗಲೇ ಅಡ್ಡಕ್ಕೆ ಬಿರಿಯಿತು.

ಕುದುರೆ ಹತ್ತಿದ ಮೊದಲ ಎರಡು ಮೂರು ದಿನ ಬರೀ ನಡಿಗೆ. ನೋವಿಗಿಂತ ನನಗೆ ಭಯವಿರುವುದು ಇನ್ನೊಂದಕ್ಕೆ. ಕಾಲ್ಗಿಣ್ಣು ಬಗ್ಗದಿದ್ದರೆ ಹಿಮ್ಮಡಿ ಕೆಳಗಿಳಿಯಲ್ಲ, ನುಣುಪಾದ ಹೊಸ ಅಟ್ಟೆ ರಿಕಾಪಿನೊಳಗೆ ಮುಂದಕ್ಕೆ ಜಾರುತ್ತೆ. ಬಿದ್ದರೆ ಕಾಲು ಸಿಕ್ಕಿಹಾಕಿಕೊಳ್ಳಬಹುದು. ಹೊಸ ಬೂಟು ಹಳೆಯದಕ್ಕಿಂತ ಅಗಲವಾಗಿದ್ದರೆ ರಿಕಾಪನ್ನೂ ಅಳೆದು ನೋಡಿ. ಅದು ಅಟ್ಟೆಗಿಂತ ಎರಡೂವರೆ ಸೆಂಟಿಮೀಟರ್‌ನಷ್ಟು ಅಗಲ ಇರಬೇಕು.

ಮೂರು ವಾರ ಬಿಟ್ಟು ಆ ಹುಡುಗಿ ಮತ್ತೆ ಬಂದಳು. ಎಡಗಾಲಿನ ಬೂಟು ಮಂಡಿಯ ಮಡಿಕೆಗಿಂತ ಒಂದು ಬೆರಳು ಕೆಳಗೆ ಕೂತಿತ್ತು. ಬಲಗಾಲಿನದು ಇನ್ನೂ ಇಳಿದಿರಲಿಲ್ಲ. ಅವಳು ಪ್ಯಾಡ್ ತೆಗೆಯಲು ಹೊರಟಿದ್ದಳು. "ಎಡದ್ದು ತೆಗಿ. ಬಲದ್ದು ಇನ್ನೊಂದು ವಾರ ಇರಲಿ" ಅಂದೆ.