ಬೆಲೆ ಅರ್ಧಕ್ಕಿಳಿದರೂ ಮನೆ ಸಿಗಲಿಲ್ಲ: ಐರ್ಲೆಂಡ್ ಕಥೆ

ಮನೆ ಬೆಲೆ ಬಿದ್ದರೆ ಮೊದಲ ಸಲ ಕೊಳ್ಳುವವರಿಗೆ ಲಾಭ, ಬಾಡಿಗೆಗೆ ಕೊಟ್ಟ ಮಾಲೀಕರಿಗೆ ನಷ್ಟ. ಲೆಕ್ಕ ಇಷ್ಟೇ ಅಲ್ವಾ? ಐರ್ಲೆಂಡಿನಲ್ಲಿ 2007ರಿಂದ 2013ರೊಳಗೆ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿ ಈ ಲೆಕ್ಕ ತಲೆಕೆಳಗಾಯಿತು.

ಯೂರೋ ಬಂದ ಮೇಲೆ ಅಲ್ಲಿ ಸಾಲದ ಬಡ್ಡಿ ಅಗ್ಗವಾಗಿತ್ತು. ಬ್ಯಾಂಕುಗಳು ಪೈಪೋಟಿಗೆ ಬಿದ್ದು, ಕೆಲವರಿಗೆ ಮನೆಯ ಪೂರ್ತಿ ಬೆಲೆಯನ್ನೇ ಸಾಲ ಕೊಟ್ಟವು. ಬಾಡಿಗೆಗೆಂದು ಮನೆ ಕೊಂಡರೆ ತೆರಿಗೆ ರಿಯಾಯಿತಿಯೂ ಇತ್ತು. ಸುಮಾರು 42 ಲಕ್ಷ ಜನರ ದೇಶ 2006ರಲ್ಲಿ 80 ಸಾವಿರಕ್ಕೂ ಜಾಸ್ತಿ ಮನೆ ಕಟ್ಟಿತು.

2008ರಲ್ಲಿ ಬ್ಯಾಂಕುಗಳು ಮುಗ್ಗರಿಸಿದವು. ಸೆಪ್ಟೆಂಬರ್ ಕೊನೆಗೆ ಸರ್ಕಾರವೇ ಅವುಗಳ ಸಾಲಕ್ಕೆ ಜಾಮೀನು ನಿಂತಿತು. 2010ರಲ್ಲಿ ಆ ಸರ್ಕಾರವೇ ಯುರೋಪ್ ಒಕ್ಕೂಟ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ಕೈಚಾಚಬೇಕಾಯಿತು.

ಹೆಚ್ಚು ಪೆಟ್ಟು ತಿಂದವರು 2006ರ ಆಸುಪಾಸಿನಲ್ಲಿ ಮೊದಲ ಮನೆ ಕೊಂಡವರು. 3 ಲಕ್ಷ ಯೂರೋ ಸಾಲದ ಫ್ಲ್ಯಾಟಿನ ಬೆಲೆ ಕುಸಿತದ ಮೇಲೆ ಒಂದೂವರೆ ಲಕ್ಷ ಅಂತಿಟ್ಟುಕೊಳ್ಳಿ. ಮಾರಿದರೂ ಸಾಲ ತೀರದು. ಮಗು ಹುಟ್ಟಿತು, ಒಂದು ಕೋಣೆಯ ಫ್ಲ್ಯಾಟು ಸಾಲದು. ಹಾಗಾಗಿ ಅದನ್ನು ಬಾಡಿಗೆಗೆ ಕೊಟ್ಟು, ತಾವು ಇನ್ನೊಂದು ಬಾಡಿಗೆ ಮನೆ ಹಿಡಿದರು. ಹೀಗೆ ಬೇರೆ ದಾರಿಯಿಲ್ಲದೆ ಮಾಲೀಕರಾದವರು ಸಾವಿರಾರು ಮಂದಿ.

ಮಾರದೆ ಕೂತ ಮಾಲೀಕರಿಗೆ ಬೆಲೆ ಕುಸಿತ ಬರೀ ಕಾಗದದ ಮೇಲಿನ ನಷ್ಟ. ನಿಜವಾಗಿ ನೋಯಿಸಿದ್ದು ಬೇರೆ: ಬಾಡಿಗೆಯೂ ಇಳಿಯಿತು, 2009ರಲ್ಲಿ ಸರ್ಕಾರ ಬಾಡಿಗೆ ಮನೆಯ ಸಾಲದ ಬಡ್ಡಿ ಮೇಲಿದ್ದ ಪೂರ್ತಿ ತೆರಿಗೆ ವಿನಾಯಿತಿಯನ್ನು ಶೇ 75ಕ್ಕೆ ಕತ್ತರಿಸಿತು. ಯುರೋಪಿನ ಕೇಂದ್ರ ಬ್ಯಾಂಕಿನ ದರದ ಜೊತೆಗೇ ಬಡ್ಡಿ ಏರಿಳಿಯುವ ಸಾಲ ಇದ್ದವರು ಮಾತ್ರ, ಆ ದರ ಇಳಿದಿದ್ದರಿಂದ ಹೇಗೋ ಉಳಿದುಕೊಂಡರು.

ಹೊಸಬರಾದರೂ ಕೊಂಡರಾ? ಅದೂ ಇಲ್ಲ. ಬ್ಯಾಂಕು ಸಾಲ ಕೊಡುತ್ತಿರಲಿಲ್ಲ, ಕೆಲಸದ ಖಾತ್ರಿಯೂ ಇರಲಿಲ್ಲ. ಇನ್ನೂ ಇಳಿಯಬಹುದು ಅಂತ ಕಾಯುತ್ತಾ ಕೂತರು. ಅಗ್ಗದ ಮನೆ ಎತ್ತಿಕೊಂಡವರು ನಗದು ಇದ್ದವರು, ಆಮೇಲೆ ಬಂದ ವಿದೇಶಿ ಫಂಡುಗಳು.

ಅಷ್ಟರಲ್ಲಿ ಕಟ್ಟುವುದೇ ನಿಂತಿತ್ತು. 2013ರಲ್ಲಿ ಎದ್ದ ಹೊಸ ಮನೆಗಳು 5 ಸಾವಿರವನ್ನೂ ಮುಟ್ಟಲಿಲ್ಲ. ಬೆಲೆ ಮತ್ತೆ ಏರತೊಡಗಿತು. 2015ರಲ್ಲಿ ಐರ್ಲೆಂಡಿನ ಕೇಂದ್ರ ಬ್ಯಾಂಕು, ಸಾಲ ಸಾಮಾನ್ಯವಾಗಿ ವರಮಾನದ ಮೂರೂವರೆ ಪಟ್ಟು ಮೀರಬಾರದು ಅಂತ ನಿಯಮ ತಂದಿತು. ನನ್ನ ಮಟ್ಟಿಗೆ ಇದು ಹತ್ತು ವರ್ಷ ಮುಂಚೆ ಬರಬೇಕಿತ್ತು. ಮರುವರ್ಷ ಡಬ್ಲಿನ್‌ನಂಥ ಕಡೆ ಬಾಡಿಗೆ ಏರಿಕೆಗೆ ವರ್ಷಕ್ಕೆ ಶೇ 4ರ ಮಿತಿ ಬಂತು.

2022ರಲ್ಲಿ ಬೆಲೆ 2007ರ ಮಟ್ಟ ದಾಟಿತು. ಸಿಕ್ಕಿಹಾಕಿಕೊಂಡಿದ್ದ ಮಾಲೀಕರಲ್ಲಿ ಅನೇಕರು ಸಾಲ ತೀರುವಷ್ಟು ಬೆಲೆ ಬಂದ ಕೂಡಲೇ ಮಾರಿ ಹೊರಬಿದ್ದರು. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಡಬ್ಲಿನ್‌ಗೆ ಹೋದವರು ಇವತ್ತು ಬಾಡಿಗೆ ಮನೆಗೆ ಪರದಾಡುವುದಕ್ಕೆ ಇದೂ ಒಂದು ಕಾರಣ.