ಜಲವರ್ಣದಲ್ಲಿ ಮುಖ ರಾಡಿಯಾಗುವುದು ಯಾಕೆ?

ಪ್ರಶ್ನೆ: ಪೆನ್ಸಿಲ್‌ನಲ್ಲಿ ಮುಖ ಚೆನ್ನಾಗಿಯೇ ಬರುತ್ತದೆ. ಜಲವರ್ಣ ಹಚ್ಚಿದ ಕೂಡಲೇ ಕೆನ್ನೆ, ಗದ್ದವೆಲ್ಲ ರಾಡಿ. ಚರ್ಮದ ಬಣ್ಣಕ್ಕೆ ಯಾವ ಟ್ಯೂಬ್ ಕೊಳ್ಳಬೇಕು?

ಉತ್ತರ: ಹೊಸ ಟ್ಯೂಬ್ ಬೇಡ. ರಾಡಿಯಾಗುವುದು ಬಣ್ಣದಿಂದ ಕಡಿಮೆ, ಆತುರದಿಂದ ಜಾಸ್ತಿ.

ಜಲವರ್ಣದಲ್ಲಿ ಹಾಳೆಯ ಬಿಳುಪೇ ಬೆಳಕು. ಬೆಳಕು ಬಣ್ಣದ ತೆಳು ಪದರ ದಾಟಿ, ಹಾಳೆಗೆ ಬಡಿದು ವಾಪಸ್ ಬರುತ್ತದೆ. ಚರ್ಮಕ್ಕೆ ಜೀವ ಬರುವುದು ಅದರಿಂದಲೇ. ಅರೆ ಒಣಗಿದ ಪದರದ ಮೇಲೆ ಬ್ರಷ್ ಉಜ್ಜಿದರೆ ಕೆಳಗಿನ ಬಣ್ಣ ಕಿತ್ತುಬಂದು ಮೇಲಿನದರಲ್ಲಿ ಕಲಸಿಹೋಗುತ್ತದೆ.

ಹೊಳಪು ಹೋಯಿತು ಅಂದರೆ ಒಣಗಿತು ಅಂತಲ್ಲ. ಬೆರಳಿನ ಹಿಂಬದಿ ಮೆಲ್ಲಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಇದನ್ನು ಕಲಿಯುವ ಮುಂಚೆ ನಾನು ಎಷ್ಟು ಮೂಗು ಕೆಡಿಸಿದ್ದೇನೋ! ಮೂಗಿನ ಪಕ್ಕದ ನೆರಳನ್ನು ಸ್ವಲ್ಪ ತಿದ್ದೋಣ ಅಂತ ಒದ್ದೆ ಬ್ರಷ್ ಇಡುವುದು, ನೀರು ಹರಡಿ ಹೂಕೋಸಿನಂಥ ಅಂಚು ಮೂಡುವುದು. ಬಣ್ಣ ಒಣಗಿದಾಗ ತಿಳಿಯಾಗುತ್ತದಲ್ವಾ, ಅದಕ್ಕೇ 'ಸಾಲದು' ಅನಿಸಿ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

18ನೇ ಶತಮಾನದಲ್ಲಿ ಯೂರೋಪಿನ ಕಲಾವಿದರು ಆನೆದಂತದ ತೆಳು ಬಿಲ್ಲೆಯ ಮೇಲೆ ಪುಟ್ಟ ಮುಖಚಿತ್ರ ಬರೆಯುತ್ತಿದ್ದರು. ದಂತ ನೀರು ಹೀರುವುದಿಲ್ಲ, ಎರಡನೇ ಸಲ ಬ್ರಷ್ ಎಳೆದರೆ ಮೊದಲಿನ ಬಣ್ಣ ಎದ್ದುಬರುತ್ತದೆ. ಹಾಗಾಗಿ ಚುಕ್ಕೆ ಚುಕ್ಕೆಯಾಗಿ ಇಟ್ಟು ಕೆನ್ನೆ ತುಂಬುತ್ತಿದ್ದರು. ನಿಮಗೆ ಅಷ್ಟು ಕಷ್ಟ ಬೇಡ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ದಪ್ಪ ಹಾಳೆ ಸಾಕು.

ಬಣ್ಣ ಮೂರು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ). ತುಟಿಗೆ ಬೇಕಾದರೆ ಒಂದು ಕೆಂಪು. ಬಿಳಿ ಮೈಬಣ್ಣಕ್ಕೆ ನೀರು ಜಾಸ್ತಿ, ಕಪ್ಪು ಮೈಬಣ್ಣಕ್ಕೆ ನೀರು ಕಡಿಮೆ, ಸಿಯೆನ್ನಾ ಮತ್ತು ನೀಲಿ ಜಾಸ್ತಿ.

ಮೊದಲು ನೆರಳು. ಕಣ್ಣಿನ ಗುಳಿ, ಮೂಗಿನ ಕೆಳಗೆ, ಗದ್ದದ ಕೆಳಗೆ ತಿಳಿ ನೀಲಿಬೂದು ಹಚ್ಚಿ ಬಿಡಿ. ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಇಡೀ ಮುಖಕ್ಕೆ ಓಕರ್ ಮತ್ತು ಸಿಯೆನ್ನಾದ ನೀರುಬಣ್ಣ. ಒಂದೇ ಎಳೆತ, ಅದೇ ಜಾಗಕ್ಕೆ ವಾಪಸ್ ಬರಬಾರದು. ಮೂಗಿನ ತುದಿಯ ಹೊಳಪಿಗೆ ಹಾಳೆ ಖಾಲಿ ಇರಲಿ. ಕಣ್ಣಿನ ಬಿಳಿಭಾಗ ಮಾತ್ರ ಖಾಲಿ ಬಿಡಬೇಡಿ. ಅದು ಗುಂಡಗಿದೆ, ರೆಪ್ಪೆಯ ನೆರಳೂ ಬೀಳುತ್ತದೆ. ತಿಳಿ ಬೂದು ಹಚ್ಚದಿದ್ದರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ.

ಒಣಗುವ ತನಕ ಕೈ ಸುಮ್ನಿರದಿದ್ದರೆ ಅಂಗಿಯ ತೋಳು ಬರೆಯಿರಿ. ಕೂದಲಿಗೆ ಹೋಗಬೇಡಿ. ಹಣೆ ಒದ್ದೆಯಿದ್ದರೆ ಕಪ್ಪು ನೇರವಾಗಿ ಹಣೆಗೇ ಇಳಿಯುತ್ತದೆ.